ನಿಂಬೆ ಗಿಡ ಮುಟ್ಟದ ಗೊಬ್ಬರ

ಯಮನೇ ಬಂದು ಬಕೆಟ್ಟು ಹಿಡಿದೆಳೆದರೂ ನಿಂಬೆ ಗಿಡವನ್ನು ಬಿಟ್ಟುಕೊಡುವುದಿಲ್ಲ ಎಂದು ಸೊಸೆ ಶಪಥ ಮಾಡಿದಳು. ಒಂದು ಸಲ ಬಿಟ್ಟುಕೊಟ್ಟದ್ದೇ ಸಾಕಾಗಿತ್ತು!

ಗಂಡ ಗೋಡೆಗೆ ಬಣ್ಣ ಬಳಿಯುತ್ತಿದ್ದವನು. ಖಾಲಿಯಾದ ಬಣ್ಣದ ಬಕೆಟ್ಟಿನಲ್ಲಿ ಆ ಗಿಡ ನೆಟ್ಟು, ಮಹಡಿಯ ಮೇಲಿಟ್ಟು, ಒಂದು ಕಾಯಿಯನ್ನೂ ನೋಡದೆ ತೀರಿಹೋಗಿಬಿಟ್ಟ. ಅವನು ಹೋದ ಮೂರೇ ತಿಂಗಳಿಗೆ ಎಲೆಗಳು ಹಳದಿಯಾದವು. ಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಇಬ್ಬರೇ. ಅವನ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಎತ್ತಿದರೆ ಅಂದು ಒಲೆ ಹತ್ತುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸೊಸೆಗೆ ಬೆಳೆ ಸಂಶೋಧನೆಯ ತೋಟದಲ್ಲಿ ಕಸ ಗುಡಿಸುವ, ಕುಂಡ ತೊಳೆಯುವ ಕೆಲಸ. ಅಲ್ಲಿನ ಮೇಡಂ ಕಂಡದ್ದನ್ನೆಲ್ಲ ತೂಗುವವರು, ಅದಕ್ಕೇ ಎಲ್ಲರೂ ಗ್ರಾಂ ಮೇಡಂ ಎನ್ನುತ್ತಿದ್ದರು. ಅವರು ಹುಲ್ಲಿಗೆ ಅದೇನೋ ಗುರುತಿನ ಔಷಧಿ ಉಣಿಸಿ, ಆ ಹುಲ್ಲನ್ನು ಒಂದು ಕುರಿಗೆ ತಿನ್ನಿಸಿ, ಅದರ ಹಿಕ್ಕೆಯನ್ನು ಡ್ರಮ್ಮಿನಲ್ಲಿ ಕೊಳೆಸಿ ಗೊಬ್ಬರ ಮಾಡಿದ್ದರು. ಮದುವೆ ಹೆಣ್ಣಿಗೂ ಅಷ್ಟು ಕಾವಲಿರುವುದಿಲ್ಲ! ಆ ಗೊಬ್ಬರ ತಿಂದ ಗಿಡದ ಎಲೆಯನ್ನು ಪುಡಿ ಮಾಡಿ ಯಂತ್ರಕ್ಕೆ ಹಾಕಿದರೆ, ಹಿಕ್ಕೆಯ ಸಾರ ಎಲೆಗೆಷ್ಟು ಏರಿದೆ ಎಂದು ಅದು ಹೇಳುತ್ತಿತ್ತು.

ಇದು ಎಲ್ಲಿಗೆ ಹೋದರೂ ಸಿಕ್ಕಿಬೀಳುತ್ತದೆ ಎಂದು ಮೇಡಂ ಎಚ್ಚರಿಸಿದ್ದರು. ಬಣ್ಣವಿಲ್ಲ, ಮುದ್ರೆಯಿಲ್ಲ, ಹಿಕ್ಕೆಗೆಂಥ ಗುರುತು ಎಂದು ಸೊಸೆ ಒಳಗೊಳಗೇ ನಕ್ಕಳು. ಮಧ್ಯಾಹ್ನ ಅತ್ತೆ ತಂದುಕೊಟ್ಟ ಬುತ್ತಿಯನ್ನು ಉಂಡು, ಖಾಲಿ ಡಬ್ಬಿಗೆ ಎರಡು ಹಿಡಿ ಗೊಬ್ಬರ ತುಂಬಿಕೊಂಡಳು. ಮನೆಗೆ ಹೋಗಿ ಅದನ್ನು ನಿಂಬೆಯ ಬುಡಕ್ಕೆ ಸುರಿದು, ಡಬ್ಬಿಯನ್ನು ಏಳು ಸಲ ತೊಳೆದಳು. ಆದರೂ ವಾರವಿಡೀ ಬುತ್ತಿಯಲ್ಲಿ ಹಿಕ್ಕೆಯದೇ ವಾಸನೆ.

ತಿಂಗಳ ಕೊನೆಗೆ ಮೇಡಂ ಡ್ರಮ್ಮು ತೂಗಿದರು. ನಾಲ್ಕು ಹಿಡಿಯಷ್ಟು ಕಡಿಮೆ! ಕಾವಲುಗಾರನನ್ನು ಕರೆದು, ನಾಳೆಯಿಂದ ಬರುವುದು ಬೇಡ ಎಂದರು. ಹಿಕ್ಕೆ ಕದಿಯುವ ಗತಿ ತನಗಿನ್ನೂ ಬಂದಿಲ್ಲ ಎಂದು ಆತ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಸೊಸೆಗೆ ತಡೆಯಲಾಗಲಿಲ್ಲ.

"ನಾನು ತಗೊಂಡಿದ್ದು ಮೇಡಂ. ಆದ್ರೆ ಎರಡೇ ಹಿಡಿ."

"ನಾಲ್ಕು."

"ಎರಡು."

"ತಕ್ಕಡಿಗೆ ನಿನ್ನ ಮೇಲೇನು ಹಗೆನಾ?"

ಮೇಡಂ ನಿಂಬೆಯ ಎಲೆ ತರಿಸಿಕೊಂಡರು. ವಾರ ಬಿಟ್ಟು ತಾವೇ ಮನೆಗೆ ಬಂದು ಮಹಡಿ ಹತ್ತಿದರು. ಲೆಕ್ಕ ಸರಿಹೋಗಬೇಕಾದರೆ ಗಿಡವನ್ನು ಬೇರುಸಹಿತ ಕಿತ್ತು, ಒಣಗಿಸಿ, ಪುಡಿ ಮಾಡಬೇಕು ಎಂದರು. ಸೊಸೆ ಎರಡೂ ಕೈಯಿಂದ ಬಕೆಟ್ಟನ್ನು ತಬ್ಬಿ ಹಿಡಿದಳು. ಅಷ್ಟರಲ್ಲಿ ಅತ್ತೆ ಬಂದು ಬಕೆಟ್ಟಿಗೆ ಅಡ್ಡ ನಿಂತರು. ಉಳಿದೆರಡು ಹಿಡಿ ತಂದವಳು ತಾನು, ಬುತ್ತಿ ಕೊಡಲು ಬಂದಾಗ ಕೈಚೀಲದಲ್ಲಿ ಹಾಕಿಕೊಂಡೆ ಎಂದು ಒಪ್ಪಿಕೊಂಡರು.

"ನಂಗೊಂದು ಮಾತು ಹೇಳಬಾರದಿತ್ತಾ, ಅತ್ತೆ?"

"ನೀನು ಹೇಳಿದ್ಯಾ?"

ಮೇಡಂಗೆ ಸಿಟ್ಟಿಗಿಂತ ಸೋಜಿಗವೇ ಹೆಚ್ಚಾಗಿತ್ತು. ನಾಲ್ಕು ಹಿಡಿ ಬಿದ್ದಿದ್ದರೂ ಎಲೆಯಲ್ಲಿ ಆ ಗುರುತು ಉಗುರಿನಷ್ಟೂ ಸಿಕ್ಕಿರಲಿಲ್ಲ. ಬಡಿಸಿದ್ದು ಬಡಿಸಿದಂತೆಯೇ ಇತ್ತು, ಗಿಡ ಬಾಯೇ ತೆರೆದಿರಲಿಲ್ಲ. ಅವರು ಮಣ್ಣಿಗೆ ಬೆರಳಿಟ್ಟರು. ಬೆರಳು ಕೆಸರಿನಲ್ಲಿ ಬುಡದವರೆಗೂ ಇಳಿಯಿತು.

"ದಿನಕ್ಕೆಷ್ಟು ಸಲ ನೀರು ಹಾಕ್ತೀರಿ?"

"ಒಂದೇ ಸಲ," ಎಂದರು ಅತ್ತೆ ಸೊಸೆ ಒಟ್ಟಿಗೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಏಳುವ ಮುಂಚೆ ಸೊಸೆಯದೊಂದು ಕೊಡ. ಸೊಸೆ ಕೆಲಸಕ್ಕೆ ಹೋದ ಮೇಲೆ ಅತ್ತೆಯದೊಂದು ಕೊಡ. ಬೇರಿಗೆ ಉಸಿರು ಕಟ್ಟಿ ಐದು ತಿಂಗಳಾಗಿತ್ತು.

ಮೇಡಂ ಗಿಡ ಕೀಳಲಿಲ್ಲ. ಬಕೆಟ್ಟಿನ ತಳಕ್ಕೆ ಮೊಳೆಯಿಂದ ನಾಲ್ಕು ತೂತು ಹೊಡೆಸಿ, ಹತ್ತು ದಿನ ತೊಟ್ಟು ನೀರೂ ಹಾಕಕೂಡದು ಎಂದು ಹೇಳಿ, ಕಾವಲುಗಾರನ ಕ್ಷಮೆ ಕೇಳಲು ಹೊರಟರು.

ಸೊಸೆ ಬಕೆಟ್ಟಿನ ಪಕ್ಕದಲ್ಲೇ ಕುಸಿದು ಕೂತಳು. ಮುಖ ಗಿಡದ ಮೇಲೆ ಬಾಗಿತು, ತುಟಿ ನಡುಗಿತು. ಅತ್ತೆ ಅವಳ ತೋಳು ಹಿಡಿದು ಎಳೆದುಕೊಂಡರು.

"ಅಳೋದಾದ್ರೆ ಈ ಕಡೆ ಬಂದು ಅಳು. ಅದಕ್ಕೆ ನೀರು ಸಾಕಂತೆ."