ಮಿಷನ್ನು ಕೂಗಿದರೆ ಚಿನ್ನವಲ್ಲ

ನನ್ನ ಕೈಯಲ್ಲಿ ಮೆಟಲ್ ಡಿಟೆಕ್ಟರ್ ಇದ್ದಾಗಲೆಲ್ಲ ಏನಾದರೊಂದು ಎಡವಟ್ಟು ಆಗೇ ಆಗುತ್ತದೆ. ಅದು ಇಲ್ಲದಿದ್ದಾಗ ನಾನು ಮರ್ಯಾದಸ್ಥ.

ಚಿಂತಾಮಣಿಯಲ್ಲಿ ನನ್ನದು ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ. ಯಾರೋ ಮಾರಿದ ಹಳೇ ಡಿಟೆಕ್ಟರ್ ಮಿಷನ್ನನ್ನು ಕೊಂಡು ಸರಿಮಾಡಿಕೊಂಡು, ಕಳೆದುಹೋದ ಒಡವೆ ಹುಡುಕಿಕೊಡುತ್ತೇನೆಂದು ಬೋರ್ಡೂ ಹಾಕಿದೆ. ನನ್ನ ಹೆಂಡತಿಗೆ ಅದನ್ನು ಕಂಡರಾಗದು. ಅದು ಮನೆಯ ಹೊಸ್ತಿಲು ದಾಟಕೂಡದು, ಯುಗಾದಿಯೊಳಗೆ ಗುಲಗಂಜಿಯಷ್ಟಾದರೂ ಚಿನ್ನ ಸಿಗದಿದ್ದರೆ ಗುಜರಿಗೆ ಎಂದು ಷರತ್ತು ಹಾಕಿದಳು. ನನಗೋ ಅದರ ಮೇಲೆ ಪ್ರಾಣ.

ರೂಪಾಯಿಯ ಪರೀಕ್ಷೆ

ಗೌರಿಬಿದನೂರಿನ ಹತ್ತಿರ ರೈತರೊಬ್ಬರ ಹೊಲದಲ್ಲಿ ಉಂಗುರ ಬಿದ್ದಿತ್ತು. ಅದು ಸಿಗಲಿಲ್ಲ, ಆ ಮಾತು ಬೇರೆ. ಹುಡುಕುವ ಮೊದಲು ಪರೀಕ್ಷೆ ಆಗಲಿ ಎಂದು ಯಜಮಾನರು ಒಂದು ರೂಪಾಯಿ ನಾಣ್ಯ ಎಸೆದರು. ಮಿಷನ್ನು ತೆಪ್ಪಗಿತ್ತು. ಈಗಿನ ರೂಪಾಯಿ ಸ್ಟೀಲು, ಹೊಲದ ಮೊಳೆಗಳ ಕಾಟ ತಪ್ಪಿಸಲು ಕಬ್ಬಿಣದ ಜಾತಿಗೆಲ್ಲ ಮಿಷನ್ನಿನ ಕಿವಿ ಮುಚ್ಚಿದ್ದೇನೆ ಎಂದು ವಿವರಿಸಿದೆ. ಅವರು ನಂಬಲಿಲ್ಲ. ಅಷ್ಟರಲ್ಲಿ ಅವರ ತಾಯಿ ದೇವರ ಗೂಡಿನಿಂದ ತಾಮ್ರದ ತೂತಿನ ಕಾಸು ತಂದು ಹಾಕಿದರು. ಮಿಷನ್ನು ಊರಿಗೆಲ್ಲ ಕೇಳುವಂತೆ ಕಿರುಚಿತು.

ಅಜ್ಜಿ ಮಗನ ಕಡೆ ತಿರುಗಿದರು. "ನೋಡ್ದೇನೋ? ನಮ್ ಕಾಲದ ಕಾಸಿಗೆ ಮಿಷನ್ನೂ ಮರ್ಯಾದೆ ಕೊಡ್ತದೆ. ನಿನ್ ರೂಪಾಯಿನ ಮಾತೂ ಆಡ್ಸಲ್ಲ."

ದಾರಿ ತುಂಬ ಕಾಸು

ನಮ್ಮ ಕಡೆಯದೇ ಒಂದು ಹಳ್ಳಿಯಲ್ಲಿ ಟೊಮೆಟೊ ತೋಟದವರೊಬ್ಬರು ತೋಟದ ದಾರಿಯಲ್ಲಿ ಸರದ ಪದಕ ಬೀಳಿಸಿಕೊಂಡಿದ್ದರು. ಈ ಸಲ ಬುದ್ಧಿ ಕಲಿತು ಕಬ್ಬಿಣಕ್ಕೂ ಕಿವಿ ತೆರೆದಿಟ್ಟೆ. ಹೆಜ್ಜೆ ಹೆಜ್ಜೆಗೂ ಮಿಷನ್ನು ಕೂಗತೊಡಗಿತು. ಗೊರ್ ಎಂದಲ್ಲಿ ಕೆದಕಿದರೆ ಸ್ಟೀಲಿನ ರೂಪಾಯಿ. ಪೀಂ ಎಂದಲ್ಲಿ ಅಲ್ಯೂಮಿನಿಯಂ ಹತ್ತು ಪೈಸೆ. ಇನ್ನೂ ಆಳದಲ್ಲಿ ಕುಂಯ್ ಎಂದು ತಾಮ್ರ. ಪದಕ ಮರೆತೇ ಹೋಯಿತು, ಜೇಬಿನ ಭಾರಕ್ಕೆ ಪ್ಯಾಂಟು ಜಾರತೊಡಗಿತು. ನಾನೇ ರಾಜ ಅನ್ನಿಸಿತು.

ದನ ಹೊಡೆದುಕೊಂಡು ಬಂದ ಅಮ್ಮನೊಬ್ಬರು ನನ್ನನ್ನೇ ನೋಡುತ್ತ ನಿಂತರು. ಇದು ಮಸಣದ ದಾರಿ ಕಣಪ್ಪ, ಅದೆಲ್ಲ ಹೆಣದ ಮುಂದೆ ಕಡ್ಲೆಪುರಿ ಜೊತೆ ತೂರಿದ ಕಾಸು, ಯಾರೂ ಮುಟ್ಟಲ್ಲ ಎಂದರು. ತಕ್ಷಣ ಜೇಬಿಗೆ ಕೈಹಾಕಿದೆ. ನಡೆದ ದಾರಿಯಲ್ಲೇ ಹಿಂದಕ್ಕೆ ಬರುತ್ತ, ಹಿಡಿ ಹಿಡಿ ಕಾಸು ಎರಡೂ ಕಡೆ ಎರಚಿದೆ. ಎದುರಿಗೆ ಮೊಪೆಡ್ಡಿನಲ್ಲಿ ಬಂದವರೊಬ್ಬರು ಗಾಡಿ ನಿಲ್ಲಿಸಿ, ಪಕ್ಕಕ್ಕೆ ಸರಿದು, ತಲೆಗೆ ಸುತ್ತಿದ್ದ ಟವಲ್ ತೆಗೆದರು.

"ಯಾರಪ್ಪಾ ಹೋಗಿದ್ದು?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. "ಹಿಂದೆ ತರ್ತಾ ಇದ್ದಾರಾ?"

ಹಸುವಿನ ಹೊಟ್ಟೆ

ಜಂಗಮಕೋಟೆಯಲ್ಲಿ ಸೊಸೆಯ ಓಲೆ ಹುಲ್ಲಿನ ಜೊತೆ ಹಸುವಿನ ಹೊಟ್ಟೆ ಸೇರಿದೆಯೆಂದು ಕರೆಸಿದರು. ಹೊಟ್ಟೆಯ ಹತ್ತಿರ ಹಿಡಿದರೆ ಗೊರ್ ಎಂದಿತು. ಇದು ಕಬ್ಬಿಣ, ಮೊಳೆಯೋ ತಂತಿಯೋ ತಿಂದಿದೆ, ಡಾಕ್ಟರಿಗೆ ತೋರಿಸಿ ಎಂದೆ. ಮಿಷನ್ನು ಕೂಗಿತಲ್ಲ, ಅಷ್ಟು ಸಾಕು ಎಂದು ಮನೆಮಂದಿಯೆಲ್ಲ ಬುಟ್ಟಿ ಹಿಡಿದು ಹಸುವಿನ ಹಿಂದೆ ನಿಂತರು. ಸಂಜೆಗೆ ಓಲೆ ಹುಲ್ಲಿನ ಮೆದೆಯಲ್ಲಿ ಅತ್ತೆಯ ಕೈಗೇ ಸಿಕ್ಕಿತು. ಆದರೆ ಅಷ್ಟು ಹೊತ್ತಿಗೆ ಯಜಮಾನರು ಡೈರಿಯಲ್ಲಿ ಜಗಳವಾಡಿ ಬಂದಿದ್ದರು. ಚಿನ್ನ ತಿಂದ ಹಸುವಿನ ಹಾಲಿಗೂ ಬೇರೆ ಹಸುಗಳ ಹಾಲಿಗೂ ಒಂದೇ ರೇಟು ಹೇಗೆ ಎಂದು ಅವರ ವಾದ.

ಹುಣಸೆಹಣ್ಣಿನ ಮಡಕೆ

ಹೀಗೆ ಯುಗಾದಿ ಹಿಂದಿನ ದಿನ ಬಂತು, ಚಿನ್ನ ಮಾತ್ರ ಬರಲಿಲ್ಲ. ಗುಜರಿಯವನಿಗೆ ಹೇಳಿಯೂ ಆಗಿತ್ತು. ಅಂದು ಪಕ್ಕದ ಮನೆಯಾಕೆ ಒಬ್ಬಟ್ಟು ತಟ್ಟಲು ಬಂದು ನಮ್ಮ ಅಡುಗೆಮನೆಯಲ್ಲೇ ಮೂಗುಬೊಟ್ಟು ಕಳೆದುಕೊಂಡರು. ಅಣ್ಣನ ಮಿಷನ್ನು ಇದೆಯಲ್ಲ ಎಂದರು. ಗುಡಿಸಿದರೆ ಸಿಗುತ್ತೆ, ಮಿಷನ್ನು ಒಳಗೆ ಬೇಡವೇ ಬೇಡ ಎಂದು ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಇದೇ ಕೊನೆಯ ಅವಕಾಶವೆಂದು ನಾನು ಓಡಿಹೋಗಿ ತಂದೇಬಿಟ್ಟೆ. ಪಾತ್ರೆಗಳನ್ನೆಲ್ಲ ಹಿತ್ತಿಲಿಗೆ ಸಾಗಿಸಿ ಹುಡುಕಿದೆ. ಮೂಲೆಯಲ್ಲಿ ಉಳಿದಿದ್ದ ಹುಣಸೆಹಣ್ಣಿನ ಮಣ್ಣಿನ ಮಡಕೆ ಕೂಗಿತು.

ಸ್ಟೀಲಿನ ಗೊರ್ ಅಲ್ಲ, ತಾಮ್ರದ ಕುಂಯ್ ಅಲ್ಲ, ನಡುವಿನ ದನಿ. ಇದೊಂದು ತಾಪತ್ರಯದ ದನಿ. ಚಿನ್ನದ ಚೂರೂ ಮಾತ್ರೆಯ ಖಾಲಿ ಶೀಟೂ ಮಿಷನ್ನಿಗೆ ಹೆಚ್ಚುಕಡಿಮೆ ಒಂದೇ ಎಂದು ವಿವರಿಸಿದೆ. ನನ್ನ ಹೆಂಡತಿ ಅಷ್ಟಕ್ಕೇ ಕಾಯುತ್ತಿದ್ದಳು.

"ಮಾತ್ರೆ ಶೀಟೇ ರೀ. ನಾನೇ ಹಾಕಿದ್ದು."

"ಹುಣಸೆಹಣ್ಣಿಗೆ ಯಾಕೆ ಹಾಕ್ದೆ?"

"ಹುಳ ಹಿಡೀಬಾರ್ದು ಅಂತ."

ಪಕ್ಕದ ಮನೆಯಾಕೆ ಆಗಲೇ ಮೊಣಕೈವರೆಗೆ ಕೈ ಇಳಿಸಿದ್ದರು. ಹೊರಗೆ ಬಂದದ್ದು ಬಟ್ಟೆಯ ಗಂಟು, ಗಂಟಿನೊಳಗೆ ಲಕ್ಷ್ಮಿಯ ಅಚ್ಚಿನ ಚಿನ್ನದ ನಾಣ್ಯಗಳು, ನನಗೆ ತಿಳಿಯದಂತೆ ಚೀಟಿ ಹಾಕಿ ಕೂಡಿಸಿದ್ದು. ಮೂಗುಬೊಟ್ಟು ಆಕೆಯ ಸೆರಗಿನಲ್ಲೇ ಸಿಕ್ಕಿಕೊಂಡಿತ್ತು. ನನಗೆ ಕುಣಿಯುವಷ್ಟು ಖುಷಿ. ಚಿನ್ನ ಸಿಕ್ಕಿತು, ಗೆದ್ದೆ ಎಂದೆ.

"ಕಳೆದುಹೋಗಿದ್ರೆ ತಾನೆ ರೀ ಸಿಕ್ಕೋದು?" ಎಂದಳು. "ಇದು ಎಲ್ಲಿದೆ ಅಂತ ನಂಗೆ ಗೊತ್ತಿತ್ತು."

ಆದರೂ ಹಬ್ಬದ ಮಾರನೆಯ ದಿನ ಅವಳೇ ಗುಜರಿಯವನನ್ನು ವಾಪಸ್ ಕಳಿಸಿದಳು. ಮಿಷನ್ನು ಇರಲಿ, ಒಳಗೂ ತನ್ನಿ, ಎಷ್ಟು ಬೇಕಾದರೂ ಹುಡುಕಿಕೊಳ್ಳಿ ಎಂದಳು. ಇಷ್ಟು ಸಲೀಸಾಗಿ ಒಪ್ಪಿದ್ದೇಕೆಂದು ಅವಳು ತವರಿಗೆ ಹೋದ ದಿನ ತಿಳಿಯಿತು. ಆಸೆಯಿಂದ ಮಿಷನ್ನು ಹಿಡಿದು ಒಳಗೆ ನುಗ್ಗಿದೆ. ರಾಗಿ ಚೀಲ ಕೂಗಿತು, ಬೇಳೆಯ ಪ್ಲಾಸ್ಟಿಕ್ ಡಬ್ಬಿ ಕೂಗಿತು, ಉಪ್ಪಿನಕಾಯಿ ಜಾಡಿ ಕೂಗಿತು, ನಾನು ತಲೆಯಿಡುವ ದಿಂಬೂ ಕೂಗಿತು. ಕೈಹಾಕಿ ನೋಡಿದರೆ ಒಂದೊಂದರಲ್ಲೂ ಒಂದೊಂದು ಖಾಲಿ ಮಾತ್ರೆ ಶೀಟು.