ಉರಿಯುವುದು ನೀರಿಗೆ ಬೆರೆಯುವುದಿಲ್ಲ

“ಅವ್ವಾ, ಅಪ್ಪ ನೀರು ಕುಡದರ ಹೊಟ್ಟ್ಯಾಗಿನ ಸಿಮೆಂಟ್ ಗಟ್ಟಿ ಆಗ್ತದೇನು?”

ನಾಲ್ಕು ವರ್ಷದ ಪುತಳಿ ಬೆಳಿಗ್ಗೆ ಕೇಳಿದಳು. ಅವಳಪ್ಪ ಬಚ್ಚಲಲ್ಲಿ ಕೆಮ್ಮುತ್ತಿದ್ದರು. ವಾಡಿಯ ಫ್ಯಾಕ್ಟರಿಯಲ್ಲಿ ಚೀಲಕ್ಕೆ ಸಿಮೆಂಟ್ ತುಂಬುವ ಕೆಲಸ ಅವರದು, ಉಗುಳಿದ್ದೂ ಬೂದಿಬಣ್ಣ. ನಾನು ಮಗಳ ಬಾಯಿಗೆ ರೊಟ್ಟಿ ತುರುಕಿದೆ. (ಉತ್ತರ ಗೊತ್ತಿಲ್ಲದ ತಾಯಂದಿರು ಮಾಡುವುದು ಇದನ್ನೇ.)

ಆ ಧೂಳಿನಿಂದ ಹೊರಬರಲು ಇದ್ದದ್ದು ಒಂದೇ ದಾರಿ. ಫ್ಯಾಕ್ಟರಿಯದೇ ಪ್ರಯೋಗಶಾಲೆಯಲ್ಲಿ ಸಹಾಯಕನ ಜಾಗ ಖಾಲಿ ಇತ್ತು, ಇವತ್ತು ಕೆಮಿಸ್ಟ್ ಸಾಹೇಬರಿಂದ ಬಾಯಿಮಾತಿನ ಪರೀಕ್ಷೆ. ಇವರು ಮೆಟ್ರಿಕ್ಕಿನಲ್ಲಿ ಜಾರಿದವರು. ನಾನೋ ವಿಜ್ಞಾನದಲ್ಲಿ ಪಾಸು! (ಎಷ್ಟು ಅಂಕವೆಂದು ಯಾರೂ ಕೇಳಿಲ್ಲ.) ಹೋದ ವಾರವೇ ಒಲೆಯ ಮುಂದೆ ಗುರುಪೀಠ ಸ್ಥಾಪಿಸಿದ್ದೆ.

ರಾಸಾಯನಿಕ ಕ್ರಿಯೆಗಳನ್ನೆಲ್ಲ ನೆಂಟಸ್ತನದಲ್ಲಿ ಕಲಿಸಿದೆ.

“ಎರಡು ಕೂಡಿ ಒಂದಾದರ ಲಗ್ನ. ಒಂದು ಒಡದು ಎರಡಾದರ ಅಣ್ಣತಮ್ಮರ ಪಾಲು. ಒಬ್ಬಾಕಿ ಬಂದು ಇನ್ನೊಬ್ಬಾಕಿನ್ನ ಹೊರಗ ಹಾಕಿದರ?”

“ಸವತಿ.”

“ಶಾಣ್ಯಾ ಇದ್ದೀರಿ! ನಮ್ಮ ಹುಡುಗಿ ಅವರಿಗೆ, ಅವರ ಹುಡುಗಿ ನಮಗ?”

“ಅದು ನಮ್ಮದೇ ಅದಲ್ಲ! ನಿಮ್ಮಣ್ಣಗ ನನ್ನ ತಂಗಿ, ನನಗ ನೀನು. ಲುಕ್ಸಾನ ಯಾರಿಗಾತು ಹೇಳಲೇನು?”

“ದ್ವಿಸ್ಥಾನಪಲ್ಲಟ ಅಂತಾರ ಅದಕ್ಕ. ಸುಮ್ಮ ಕಲೀರಿ.”

ನೀರಿಗೆ ಯಾವುದು ಬೆರೆಯುತ್ತದೆ ಎಂಬಲ್ಲಿ ಮಾತ್ರ ಇವರು ಎಡವುತ್ತಲೇ ಇದ್ದರು. ನೀರು ತುಂಬಿದ ಲೋಟಗಳನ್ನಿಟ್ಟೆ. ಉಪ್ಪು, ಸಕ್ಕರೆ ಕರಗಿದವು. ಶೇಂಗಾ ಎಣ್ಣೆ ತೇಲಿತು, ಸೀಮೆಎಣ್ಣೆಯೂ ತೇಲಿತು. ಆಗಲೇ ನನ್ನೊಳಗೆ ಮಹಾಸೂತ್ರವೊಂದು ಅವತರಿಸಿತು.

“ದೀಪದಾಗ ಉರಿಯೋದು ನೀರಿಗೆ ಬೆರೆಯಂಗಿಲ್ಲ. ಇಷ್ಟು ನೆನಪಿಟ್ಟರ ಸಾಕು.”

ಇವತ್ತು ಇವರು ಅದನ್ನೇ ಜಪಿಸುತ್ತ ಹೋದರು. ನಾನು ಸಿಹಿ ಹುಗ್ಗಿಗೆ ಗೋಧಿ ಕುದಿಯಲಿಟ್ಟೆ.

ಸಂಜೆ ಬಂದವರು ಹೊಸ್ತಿಲಲ್ಲೇ ಕುಳಿತರು.

“ಸುಣ್ಣದಕಲ್ಲು ಸುಟ್ಟರ ಯಾವ ಕ್ರಿಯಾ ಅಂದ್ರು. ಪಾಲು ನೆನಪಾತು, ವಿಭಜನೆ ಅಂದೆ. ಭಾಳ ಛಲೋ ಅಂದ್ರು.”

“ಮುಂದ?”

“ಮೇಜಿನ ಮ್ಯಾಲ ಸ್ಪಿರಿಟ್ ದೀಪ ಇತ್ತು. ಈ ಸ್ಪಿರಿಟ್ ನೀರಿಗೆ ಬೆರೀತದೇನು ಅಂದ್ರು. ಉರೀಲಿಕತ್ತಿತ್ತಲ್ಲ! ಬೆರೆಯಂಗಿಲ್ಲ ಸಾಹೇಬ್ರ, ಅಂದೆ ಜೋರಾಗಿ.”

“ಸರಿ ಅದಲ್ಲ?”

“ಸಾಹೇಬ್ರು ನಕ್ಕರು. ‘ಕುಡಿಯೋ ಸೆರೆಗೆ ನೀರು ಬೆರೆಸೋದು ನೋಡಿಲ್ಲೇನಪ್ಪ?’ ಅಂದ್ರು. ನೋಡೀನಿ. ನಮ್ಮ ಕಾಕಾಗ ನಾನೇ ಬೆರಸಿ ಕೊಟ್ಟೀನಿ. ಆದರ ನಿನ್ನ ಸೂತ್ರದ ಮುಂದ ನನ್ನ ಕಣ್ಣಿಂದೇನು ನಡೀತದ?”

ಸೆರೆಯ ವಾಸನೆ ಕಾಣದ ಮನೆಯಲ್ಲಿ ಬೆಳೆದವಳೆಂದು ಇಷ್ಟು ದಿನ ಮೆರೆದಿದ್ದೆ. ಜಾಗ ಬೇರೆಯವರ ಪಾಲಾಯಿತು. ಮತ್ತೆ ಪರೀಕ್ಷೆ ಬರುವುದು ಒಂದು ವರ್ಷದ ಮೇಲೆ.

ಹುಗ್ಗಿ ಬಡಿಸಿದೆ. ಯಾಕೆ ಮಾಡಿದೆ ಎಂದು ಇವರು ಕೇಳಲಿಲ್ಲ. ಎರಡು ತುತ್ತಿಗೇ ಕೆಮ್ಮು ಬಂತು. ಇನ್ನು ಬೈಯುತ್ತಾರೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

“ಒಂದು ಕೆಲಸ ಮಾಡಿಕೊಡ್ತೀಯೇನು?” ಎಂದರು. “ಮೂಗಿಗೆ ಕಟ್ಟಲಿಕ್ಕ ನಿನ್ನ ಪತ್ತಲದ ಸೆರಗಿನಾಗಿಂದ ಒಂದು ತುಂಡು ಹರದು ಕೊಡು. ಹಳೇದು ಬ್ಯಾಡ. ವರ್ಷ ತಡೀಬೇಕು.”