ನೆಲಮಾಳಿಗೆಗೊಂದು ಕೇಬಲ್

ಆರ್ವಿಲ್ ಟ್ವೇಟನಿಗೆ ಆವತ್ತು ಬೇಕಿದ್ದದ್ದು ಒಂದೇ ಒಂದು ಇಂಟರ್‌ನೆಟ್ ಕೇಬಲ್. ತಪ್ಪಾದದ್ದು, ಬೇಲಿ ಹತ್ತಿರ ನಿಂತು ಅದನ್ನು ಬಾಯಿಬಿಟ್ಟು ಹೇಳಿದ್ದು.

ಸ್ಕೂಲ್ ಬಸ್ ಓಡಿಸಿ ಸೊಂಟ ಕೆಟ್ಟಿದ್ದ ಅವನಿಗೆ ಮನೆಯಲ್ಲೇ ಕೂತು ಮಾಡುವ ಕೆಲಸ ಸಿಗುವುದರಲ್ಲಿತ್ತು: ಇಂಟರ್‌ನೆಟ್ ಕಂಪನಿಯ ಗಿರಾಕಿಗಳಿಗೆ ಫೋನಿನಲ್ಲಿ ಸಲಹೆ ಕೊಡುವುದು. ಮಧ್ಯಾಹ್ನ ವಿಡಿಯೋ ಸಂದರ್ಶನ. ಮೇಜಿದ್ದದ್ದು ನೆಲಮಾಳಿಗೆಯಲ್ಲಿ. ವೈ-ಫೈ ಅಲ್ಲಿಗೆ ಮೆಟ್ಟಿಲಿಳಿಯುವಷ್ಟರಲ್ಲೇ ಪ್ರಾಣ ಬಿಡುತ್ತಿತ್ತು.

ಅಮೆರಿಕದ ಮಿನೆಸೋಟಾದ ಆ ಬೀದಿಯಲ್ಲಿ ನೆರೆಯವರು ಕೊಟ್ಟದ್ದನ್ನು ಯಾರೂ ಬೇಡವೆನ್ನುವುದಿಲ್ಲ.

ಎದುರುಮನೆಯ ಗುನ್ನಾರ್ ಬಂದ. "ತಗೋ, ನಮ್ಮಪ್ಪನ ಕಾಲದ್ದು, ಗಟ್ಟಿ ಮಾಲು." ಅದು ಟೆಲಿಫೋನ್ ವೈರು.

"ಎಷ್ಟು ಚೆನ್ನಾಗಿದೆ!" ಎಂದ ಆರ್ವಿಲ್.

ಪಕ್ಕದ ಆರ್ಡಿಸ್ ಒಂದು ಕೈಯಲ್ಲಿ ಆಲೂಗಡ್ಡೆ, ಮಾಂಸ ಹಾಕಿ ಬೇಯಿಸಿದ ಬಿಸಿಬಿಸಿ ಹಾಟ್‌ಡಿಶ್, ಇನ್ನೊಂದರಲ್ಲಿ ಚಪ್ಪಟೆ ಕೇಬಲ್ ಹಿಡಿದು ಬಂದಳು. "ನಮ್ಮ ನಾಯಿ ಸ್ವಲ್ಪ ಕಡಿದಿದೆ ಅಷ್ಟೇ, ಟೇಪ್ ಸುತ್ತಿದೀನಿ."

"ಅಯ್ಯೋ, ಎಷ್ಟು ಉಪಕಾರ!"

ಕೊನೆಗೆ ಮೂಲೆಮನೆಯ ಟೆಸ್ಸಾ ಪೆರೋನ್. ನ್ಯೂಯಾರ್ಕಿನಿಂದ ಬಂದು ಎಷ್ಟು ಕಾಲವಾದರೂ ಈ ಊರಿನ ಸಂಕೋಚ ಕಲಿಯದವಳು. ಚಳಿಗಾಲದಿಂದ ಕೆಲಸವಿಲ್ಲದೆ ಕೂತಿದ್ದಳು. ಅವಳ ಕೈಯಲ್ಲಿ ಹೊಸ ಕ್ಯಾಟ್ ಸಿಕ್ಸ್ ಕೇಬಲ್, ಇಂಟರ್‌ನೆಟ್ಟಿಗೆಂದೇ ಮಾಡಿದ್ದು.

"ಇದನ್ನ ಹಾಕು, ಆ ಕಸ ಎಸಿ."

"ಮೆಲ್ಲಗೆ ಮಾತಾಡೇ, ಅವರಿಗೆ ಬೇಜಾರಾಗುತ್ತೆ!" ಎಂದ ಆರ್ವಿಲ್.

ಮೂವರೂ ಅವನ ಹಿಂದೆಯೇ ನೆಲಮಾಳಿಗೆಗೆ ಇಳಿದರು. ಆರ್ಡಿಸ್ ಕಣ್ಣೆದುರೇ ನಿಂತಿದ್ದಳಲ್ಲ, ಅವಳದನ್ನೇ ಕಂಪ್ಯೂಟರಿಗೆ ಚುಚ್ಚಿದ. ಸಂದರ್ಶನ ಶುರುವಾಯಿತು. ಪರದೆಯ ಮೇಲೆ ಕಂಪನಿ ಅಧಿಕಾರಿಣಿಯ ಮುಖ ಕೋಳಿ ಕೆದರಿದ ರಂಗೋಲಿಯಂತೆ ಚೆಲ್ಲಾಪಿಲ್ಲಿಯಾಯಿತು. ಟೆಸ್ಸಾ ತಡೆಯಲಾರದೆ ಅದನ್ನು ಕಿತ್ತು ತನ್ನದನ್ನು ಸಿಕ್ಕಿಸಿದಳು. ಮುಖ ಸರಿಯಾಯಿತು.

ಅಧಿಕಾರಿಣಿ ಮೇಜಿನ ಮೇಲಿನ ಕೇಬಲ್ ರಾಶಿ ನೋಡಿದಳು. "ನಾನೇ ಗಿರಾಕಿ ಅಂದ್ಕೊಳ್ಳಿ. ಇವುಗಳಲ್ಲಿ ಯಾವುದು ತಗೊಳ್ಳಲಿ?"

ಹಿಂದೆ ಗುನ್ನಾರನ ಉಸಿರು, ಆರ್ಡಿಸಳ ಉಸಿರು. ಆರ್ವಿಲ್ ಬೆವರಿದ. "ಒಂದೊಂದಕ್ಕೂ ಅದರದೇ ಗುಣ ಇದೆ ಮೇಡಂ..."

"ಗುಣವಂತೆ ಗುಣ!" ಟೆಸ್ಸಾ ನಡುವೆ ಕತ್ತು ತೂರಿಸಿದಳು. "ಅದು ಫೋನಿಂದು, ಇದು ನಾಯಿ ತಿಂದಿದ್ದು. ಮನೆಗೆ ಕ್ಯಾಟ್ ಸಿಕ್ಸ್ ಸಾಕು ಮೇಡಂ. ಅಂಗಡೀಲಿ ಅದಕ್ಕಿಂತ ದುಬಾರೀದು ತೋರಿಸಿದ್ರೆ ತಿರುಗಿ ನೋಡ್ದೆ ಬನ್ನಿ."

ಅಧಿಕಾರಿಣಿ ಗೊಳ್ಳೆಂದು ನಕ್ಕಳು. "ಕ್ಷಮಿಸಿ ಟ್ವೇಟ್ ಅವರೇ. ಈ ಕೆಲಸಕ್ಕೆ ನನಗೆ ಈಯಮ್ಮ ಬೇಕು."

ಟೆಸ್ಸಾಳ ಕಣ್ಣು ತುಂಬಿತು. "ಆರ್ವಿಲ್, ಇದು ನಿನ್ನ ಕೆಲಸ ಕಣೋ."

ಆರ್ವಿಲ್ ಕುರ್ಚಿ ಬಿಟ್ಟೆದ್ದ. "ತಗೋ ಮಾರಾಯ್ತಿ. ನೀನಿಲ್ಲದಿದ್ರೆ ಆಯಮ್ಮನ ಮುಖಾನೂ ಕಾಣ್ತಿರ್ಲಿಲ್ಲ."

"ಒಂದೇ ತೊಂದರೆ," ಎಂದಳು ಟೆಸ್ಸಾ ಮೂಗೊರೆಸಿಕೊಳ್ಳುತ್ತ. "ಕೆಲಸ ಹೋದಾಗ ನಮ್ಮನೆ ಇಂಟರ್‌ನೆಟ್ ತೆಗೆಸಿಬಿಟ್ಟೆ."

ಸೋಮವಾರದಿಂದ ಟೆಸ್ಸಾ ಆರ್ವಿಲನ ಮೇಜಿನಲ್ಲಿ ಕೂತು ಗಿರಾಕಿಗಳನ್ನು ಗದರತೊಡಗಿದಳು. ಅವನು ಕಾಫಿ ತಂದುಕೊಟ್ಟ.

"ಥ್ಯಾಂಕ್ಸ್ ಕಣೋ. ಆದ್ರೆ ಇದು ಕಾಫಿಯಲ್ಲ, ಪಾತ್ರೆ ತೊಳೆದ ನೀರು."

ಈವರೆಗೆ ಬೀದಿಯವರೆಲ್ಲ ಹೊಗಳಿ ಕುಡಿದ ಕಾಫಿಯದು.

"ಹೇಳಿದ್ದು ದೊಡ್ಡ ಉಪಕಾರ," ಎಂದ ಆರ್ವಿಲ್, ಮನಸಾರೆ. ಇನ್ನೊಂದು ಕಪ್ ಮಾಡಲು ಮೆಟ್ಟಿಲು ಹತ್ತಿದ.